ಅತ್ತೆ ಬೈಯದ ಭಾನುವಾರಗಳು

ಮಾರ್ಚ್ 4, ಸೋಮವಾರ

ಗಂಟಲು ಇವತ್ತೂ ಸರಿಯಿಲ್ಲ. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ಬಾಯಿ ಸಮುದ್ರವಾಯಿತೇ ಹೊರತು ಗುಣ ಕಾಣಲಿಲ್ಲ. ನಾಲ್ವರು ತಾಯಂದಿರು, ಒಬ್ಬ ಸೋದರತ್ತೆ, ಒಬ್ಬ ತೊದಲುವ ಅಜ್ಜಿ, ಇಷ್ಟೂ ಜನ ಈ ಒಂದೇ ಗಂಟಲಿನಿಂದ ಹೊರಡಬೇಕಾಯಿತು. ಅಜ್ಜಿಯನ್ನು ಮುಗಿಸುವ ಹೊತ್ತಿಗೆ ನಾನೇ ಅಜ್ಜಿಯಾಗಿದ್ದೆ.

ಇವತ್ತು ನಿಯಮ ಒಪ್ಪಿಸುವ ದಿನ ಬೇರೆ. ವರ್ಷಕ್ಕೊಮ್ಮೆ ಕಿವಿಯಪ್ಪನ ಮುಂದೆ ಎಲ್ಲರೂ ಸಾಲಾಗಿ ನಿಂತು, ಮಗ್ಗಿ ಹೇಳುವ ಮಕ್ಕಳ ಹಾಗೆ ಒಪ್ಪಿಸಬೇಕು. ಕಿವಿಯಪ್ಪ ಎಂದರೆ ನಮ್ಮ ಮೇಲ್ವಿಚಾರಕರು. ನಾವು ಫೋನಿನಲ್ಲಿ ಆಡುವುದನ್ನೆಲ್ಲ ಕೇಳಿಸಿಕೊಂಡು ಕೂರುವುದೇ ಅವರ ಉದ್ಯೋಗ, ಅದಕ್ಕೆ ಆ ಹೆಸರು. ವಿಶ್ರಾಂತಿ ಮನೆಗೆ ಸೇರಿಸಿದ ಮುದುಕರು ಅಲ್ಲಿ ಇಳಿದುಹೋದರೆ ಅವರ ಮನೆಗೆ ಸುದ್ದಿ ಮುಟ್ಟಬಾರದು. ಇಳಿಯುವುದು ಎಂದೇ ನಾವು ಹೇಳುವುದು, ಇನ್ನೊಂದು ಪದ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಅವರ ಧ್ವನಿಯ ಟೇಪು ಕೇಳಿ, ಕಲಿತು, ಅವರು ಮಾಡುತ್ತಿದ್ದ ಹಾಗೇ ವಾರಕ್ಕೊಮ್ಮೆ ನಾವು ಫೋನು ಮಾಡಬೇಕು. ಮೂರು ತಿಂಗಳಾದ ಮೇಲೆ ವಾರ ಬಿಟ್ಟು ವಾರ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮನೆಯವರು ಕಾಯುವುದನ್ನು ತಾವಾಗಿಯೇ ಬಿಟ್ಟಾಗ ನಾವೂ ಬಿಡಬೇಕು. ದೂರಬಾರದು, ಬೇಡಬಾರದು, ಬೈಯಬಾರದು.

ವಾರಕ್ಕೊಮ್ಮೆಯಿಂದ ಎರಡು ವಾರಕ್ಕೆ ಇಳಿಸುವುದೇ ಕಷ್ಟದ ಜಾಗ. ಅದಕ್ಕೆ ನಾನು ಕಟ್ಟಿಕೊಟ್ಟ ಮಾತನ್ನೇ ಈಗ ನಾವು ಕೆಲಸ ಮಾಡುವ ಇಡೀ ಧ್ವನಿಮನೆ ಬಳಸುತ್ತದೆ: "ಇನ್ಮೇಲೆ ವಾರ ಬಿಟ್ಟು ವಾರ ಮಾಡ್ತೀನಿ, ನೀವೂ ಕೆಲಸದವರು." ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಗಿಬಿಡುತ್ತದೆ. ಕಿವಿಯಪ್ಪ ಇವತ್ತೂ ಎಲ್ಲರ ಮುಂದೆ ಅದನ್ನು ಹೊಗಳಿದರು.

ಊರಿಗೆಲ್ಲ ಗೊತ್ತು, ಯಾರಿಗೂ ಗೊತ್ತಿಲ್ಲ. ಹೀಗೊಂದು ಕೆಲಸವಿದೆ ಎಂದು ಪ್ರತಿಯೊಬ್ಬರೂ ಕೇಳಿದ್ದಾರೆ, ತಮ್ಮ ಮನೆಗೆ ಬರುವ ಫೋನು ಮಾತ್ರ ನಿಜದ್ದೆಂದು ಪ್ರತಿಯೊಬ್ಬರೂ ನಂಬಿದ್ದಾರೆ. ಇದರಲ್ಲಿ ತಪ್ಪೇನಿದೆ? ನನ್ನ ಚಿಕ್ಕಮ್ಮ ಮಗು ಹೋದ ಮೇಲೆ ಒಂದು ವಾರವೂ ತಡೆಯದೆ ಬಾವಿಗೆ ಹಾರಿದಳು. ಅವಳ ಚಪ್ಪಲಿ ಕಟ್ಟೆಯ ಮೇಲಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬಾವಿ ಈಗಲೂ ಇದೆ, ಹಾರುವವರಿಲ್ಲ. ಯಾರು ಏನೇ ಹೇಳಲಿ, ಅಷ್ಟು ಸಾಕು ನನಗೆ.

ಸಂಜೆ ಪಕ್ಕದ ಕುರ್ಚಿಯ ಸಕ್ಕರೆ ಬಂದು, "ಬಾ ಮಗಳೇ, ಬಿಸಿಬಿಸಿ ಚಹಾ ಕುಡಿದ್ರೆ ಗಂಟಲು ಬಿಡುತ್ತೆ" ಎಂದು ಎಬ್ಬಿಸಿಕೊಂಡು ಹೋದಳು. ನನಗಿಂತ ಮೂರು ವರ್ಷ ಚಿಕ್ಕವಳು, ನನ್ನನ್ನೇ ಮಗಳೇ ಅನ್ನುತ್ತಾಳೆ. ಕಾವಲಿನವನಿಗೂ ಮಗನೇ ಅನ್ನುತ್ತಾಳೆ. ಅವಳ ಬಾಯಲ್ಲಿ ಕಹಿ ಎನ್ನುವುದೇ ಹುಟ್ಟಿಲ್ಲ, ಅದಕ್ಕೆ ಸಕ್ಕರೆ.

ಮಾರ್ಚ್ 10, ಭಾನುವಾರ

ಮುದುಕಿಯ ಫೋನು ಬೆಳಗ್ಗೆಯೇ ಬಂತು. ಸೊಂಟ ಮುರಿದುಕೊಂಡು ಹೋದ ವರ್ಷ ವಿಶ್ರಾಂತಿ ಮನೆ ಸೇರಿದ ನಮ್ಮ ಅತ್ತೆ. ಮೊದಲ ತಿಂಗಳು ಹೋಗಿ ನೋಡಲು ಬಿಟ್ಟರು. ಆಮೇಲೆ ಭೇಟಿ ಇಲ್ಲ, ಕಂಡರೆ ಎರಡು ಕಡೆಯವರಿಗೂ ಸಂಕಟ ಎಂದು. ಸರಿಯೇ ಅನ್ನಿ.

ಮೊದಲು ಇವರ ಕೈಗೆ ಫೋನು. "ಆರಾಮಾಗಿದ್ದೀನಿ ಕಣಪ್ಪ, ಇಲ್ಲಿ ಹೂವಿನ ಹಾಗೆ ನೋಡ್ಕೋತಾರೆ." ಇವರ ಮುಖ ಅರಳಿತು. ಆಮೇಲೆ ನನ್ನ ಕೈಗೆ. "ಊಟ ಆಯ್ತಾ ಮಗಳೇ?"

ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತು ಬೆಂದಿದ್ದೇವೆ. ಒಂದು ದಿನವಾದರೂ ಈ ಬಾಯಿಂದ ಮಗಳೇ ಎನ್ನುವ ಪದ ಬಿದ್ದಿತ್ತೇ? "ಏನೇ ಇವಳೇ", ಇಲ್ಲದಿದ್ದರೆ "ಮೂದೇವಿ". ಲೋಟ ತೊಳೆದು ಬೋರಲು ಹಾಕದಿದ್ದರೆ ಒಂದು ಸುತ್ತು ಬೈಗುಳ, ಬಾಗಿಲ ಅಗುಳಿ ಸರಿಯಾಗಿ ಬೀಳದಿದ್ದರೆ ಎರಡು ಸುತ್ತು. ವಿಶ್ರಾಂತಿ ಮನೆಯಲ್ಲಿ ಬದುಕಿರುವವರಿಗೂ ಫೋನು ಕೊಡುವ ಮುಂಚೆ ನಮ್ಮ ನಿಯಮವನ್ನೇ ಹೇಳಿಕೊಡುತ್ತಾರೆ, ಅದು ನನಗೆ ಗೊತ್ತು. ಆದರೂ ಡಿಸೆಂಬರಿನವರೆಗೆ ಮುದುಕಿ ಫೋನು ಇಡುವ ಮುಂಚೆ ಪಿಸುದನಿಯಲ್ಲಿ ಒಂದು ಕುಟುಕಿಯೇ ಇಡುತ್ತಿದ್ದಳು: "ಲೋಟ ಬೋರಲು ಹಾಕ್ತಿದ್ದೀಯೇನೇ?" ಹೊಸ ವರ್ಷ ಆದಮೇಲೆ ಅದೂ ನಿಂತಿತು.

ಬುದ್ಧಿ ಬಂದಿದೆ ಮುದುಕಿಗೆ ಎಂದುಕೊಂಡಿದ್ದೆ. ಇವತ್ತು ಯಾಕೋ ತಡೆಯಲಾಗದೆ ಒಂದು ಕಡ್ಡಿ ಹಾಕಿ ನೋಡಿದೆ. "ಅತ್ತೆ, ನಿಮ್ಮ ಕಬ್ಬಿಣದ ಬಾಣಲೆ ಗುಜರಿಗೆ ಹಾಕಿಬಿಟ್ಟೆ." ಆ ಬಾಣಲೆಯ ಕಪ್ಪನ್ನು ತಿಕ್ಕಿ ತೆಗೆದೆ ಎಂದು ನನ್ನೊಂದಿಗೆ ಒಂದು ತಿಂಗಳು ಮಾತು ಬಿಟ್ಟಿದ್ದವಳು ಇವಳು.

"ಹೋಗ್ಲಿ ಬಿಡು ಮಗಳೇ, ಹಳೇದಾಗಿತ್ತು" ಎಂದಳು.

ಬಾಣಲೆ ಒಲೆಯ ಮೇಲೆಯೇ ಇದೆ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

ಮಾರ್ಚ್ 13, ಬುಧವಾರ

ಏನೂ ಇಲ್ಲ. ಕೆಲಸ, ಬಸ್ಸು, ಮನೆ. ಇಲಾಖೆಯ ವೈದ್ಯರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಒಳಗೆ ಏನೂ ಇಲ್ಲ ಎಂದರು. ಏನೂ ಇಲ್ಲದ್ದಕ್ಕೆ ಇಷ್ಟು ನೋವೇ ಎಂದೆ. ನಕ್ಕು ಒಂದು ಮಾತ್ರೆ ಕೊಟ್ಟರು.

ನಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ನಿಜದ ಧ್ವನಿ ಯಾವುದು, ಕಲಿತ ಧ್ವನಿ ಯಾವುದು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಅದೇ ಧ್ವನಿ, ಅದೇ ಕೆಮ್ಮು. ಸಾಕು, ಇದನ್ನು ಕೆದಕುತ್ತಾ ಕೂರುವುದು ಬೇಡ.

ಮಾರ್ಚ್ 17, ಭಾನುವಾರ

ಕೆದಕಿದೆ.

ಮಗನ ಹೊಟ್ಟೆಯ ವಿಷಯಕ್ಕೆ ಕೈ ಹಾಕಿದರೆ ಮುದುಕಿ ಸ್ಮಶಾನದಿಂದಲೂ ಎದ್ದು ಬರುತ್ತಾಳೆ ಎಂದು ನಾನೇ ಒಂದು ಕಾಲದಲ್ಲಿ ನಾದಿನಿಗೆ ಹೇಳಿ ನಗಿಸಿದ್ದೆ. ಅತ್ತೆಯ ಧ್ವನಿ ಮಾಡಿ ತೋರಿಸಿ ನಾದಿನಿಯನ್ನು ನಗಿಸಿಯೇ ಅಲ್ಲವೇ ನನಗೆ ಈ ವಿದ್ಯೆ ಹತ್ತಿದ್ದು. ಇವತ್ತು ಫೋನಿನಲ್ಲಿ ಹೇಳಿದೆ: "ಅತ್ತೆ, ನಿಮ್ಮ ಮಗನಿಗೆ ಎರಡು ದಿನದಿಂದ ಊಟ ಹಾಕಿಲ್ಲ. ಬೇಕಾದ್ರೆ ಹೋಟೆಲಿಗೆ ಹೋಗಲಿ ಅಂದೆ."

"ನೀವಿಬ್ಬರೂ ಹೊಂದಿಕೊಂಡು ಚೆನ್ನಾಗಿರಿ ಮಗಳೇ."

ಇವರು ಫೋನು ಕಿತ್ತುಕೊಂಡರು. ಮಾತು ಮುಗಿದ ಮೇಲೆ ನನ್ನ ಮೇಲೆ ತಿರುಗಿದರು. "ಏನ್ ಹುಚ್ಚು ನಿಂದು? ಇಪ್ಪತ್ತೆರಡು ವರ್ಷ, ಅಮ್ಮ ಬೈತಾಳೆ ಅಂತ ನನ್ನ ತಲೆ ತಿಂದೆ. ಈಗ ಬೈಯಲ್ಲ ಅಂತ ತಿಂತೀಯಾ?"

"ನಿಮಗೇನೂ ಅನ್ನಿಸೋದೇ ಇಲ್ವಾ?"

"ಏನನ್ನಿಸ್ಬೇಕು? ಅಮ್ಮ ನೆಮ್ಮದಿಯಾಗಿದ್ದಾಳೆ. ನಿನಗೆ ಅದನ್ನ ನೋಡೋಕಾಗ್ತಿಲ್ಲ."

ಡಿಪೋದಲ್ಲಿ ಬಸ್ಸಿನ ಎಂಜಿನ್ನು ಕೆಮ್ಮಿದರೆ ದೂರದಿಂದಲೇ ಇಂಥ ಬೋಲ್ಟು ಸಡಿಲ ಎನ್ನುವ ಮನುಷ್ಯ ಇವರು. ಚಹಾ ಕುಡಿದು ಲೋಟವನ್ನು ಹಾಗೇ ಬಾಯಿ ಮೇಲೆ ಮಾಡಿ ಇಟ್ಟು ಹೊರಟುಹೋದರು. ನಾನು ಅದನ್ನು ತೊಳೆದು ಬೋರಲು ಹಾಕಿದೆ. ಜಿರಲೆ ಕಾಟ.

ಮಾರ್ಚ್ 24, ಭಾನುವಾರ

ಬರೆಯಲು ಮನಸ್ಸಿಲ್ಲ. ಇವತ್ತು ನೇರವಾಗಿ ಅಂದುಬಿಟ್ಟೆ. "ನೀವು ಹೋದ ಮೇಲೆ ಮನೆ ಸುಖವಾಗಿದೆ ಅತ್ತೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೈಯುತ್ತಾರೆ, ಈಗ ಬೈಯುತ್ತಾರೆ, ಏಳು ತಲೆಮಾರು ತೊಳೆಯುತ್ತಾರೆ ಎಂದು ಕಾದೆ.

"ಅದೇ ಬೇಕಾಗಿದ್ದು ನನಗೂ" ಎಂದು ಫೋನು ಇಟ್ಟರು.

ಮಾರ್ಚ್ 31, ಭಾನುವಾರ

ಫೋನು ಬರಲಿಲ್ಲ.

ಇವರು ತಂತಿ ಎಳೆದು ನೋಡಿದರು, ಪ್ಲಗ್ಗು ಕಿತ್ತು ಹಾಕಿದರು. "ಲೈನ್ ಕೆಟ್ಟಿರ್ಬೇಕು" ಎಂದರು. ಹೌದು, ಲೈನೇ ಕೆಟ್ಟಿರಬೇಕು. ಇಲ್ಲವಾದರೆ ಅಲ್ಲಿ ಸರತಿ ಉದ್ದವಿತ್ತೋ ಏನೋ. ಇಲ್ಲವಾದರೆ ನಾನು ಹೋದ ವಾರ ಅಂದ ಮಾತಿಗೆ ಮುನಿಸಿಕೊಂಡಿರಬೇಕು. ಮುನಿಸಿಕೊಂಡಿದ್ದರೆ ಸಾಕಪ್ಪಾ. ಒಂದು ತಿಂಗಳು ಮಾತು ಬಿಡಲಿ, ಬೇಡ ಅಂದವರು ಯಾರು.

ಮಧ್ಯಾಹ್ನ ಅತ್ತೆಯ ಮಂಚದ ಮೇಲಿನ ಕಂಬಳಿಯನ್ನು ಬಿಸಿಲಿಗೆ ಹಾಕಿದೆ. ಹಾಕಬೇಕೆಂದೇನೂ ಇರಲಿಲ್ಲ.

ಏಪ್ರಿಲ್ 7, ಭಾನುವಾರ

ಇವತ್ತು ಬಂತು. ಇವರು ಸ್ನಾನಕ್ಕೆ ಹೋಗಿದ್ದರು, ನಾನೇ ತೆಗೆದೆ.

"ಹೋದ ವಾರ ಯಾಕೆ ಮಾಡ್ಲಿಲ್ಲ ಅತ್ತೆ?"

"ಸ್ವಲ್ಪ ಕೆಮ್ಮಿತ್ತು ಮಗಳೇ. ಇನ್ಮೇಲೆ ವಾರ ಬಿಟ್ಟು ವಾರ ಮಾಡ್ತೀನಿ, ನೀವೂ ಕೆಲಸದವರು."

ನಾನು ಕೂತುಬಿಟ್ಟೆ. ಅಲ್ಲೇ, ನೆಲದ ಮೇಲೆ. ಫೋನಿನ ತಂತಿ ಅಷ್ಟು ದೂರ ಬರುವುದಿಲ್ಲ, ಕೈಯಿಂದ ಜಾರಿ ಗೋಡೆಗೆ ಬಡಿಯುತ್ತಾ ತೂಗಾಡಿತು. ಅದರೊಳಗಿನಿಂದ "ಮಗಳೇ? ಮಗಳೇ?" ಎಂದು ಕೇಳುತ್ತಲೇ ಇತ್ತು.

ಬದುಕಿರುವವರು ಯಾರೂ ವಾರ ಬಿಟ್ಟು ವಾರ ಮಾಡುವುದಿಲ್ಲ. ಆ ಮಾತು ಕಟ್ಟಿದವಳು ನಾನು. ಯಾವ ಜಾಗದಲ್ಲಿ ಉಸಿರು ಬಿಡಬೇಕು, ಯಾವ ಜಾಗದಲ್ಲಿ ಚೂರು ನಗಬೇಕು ಎಂದು ಹೇಳಿಕೊಟ್ಟವಳೂ ನಾನೇ. ಎಷ್ಟು ಮನೆಗಳಲ್ಲಿ ಹೀಗೆ ಫೋನು ಜಾರಿರಬಹುದು? ನಮಗೆ ಗೊತ್ತಾಗುತ್ತಿದ್ದದ್ದು ಬರೀ ಗೋಡೆಗೆ ಬಡಿದ ಸದ್ದು. ಮನೆಯವರು ಒಪ್ಪಿದರು, ಮುಂದಿನ ಧ್ವನಿ ಕೊಡಿ ಎನ್ನುತ್ತಿದ್ದೆವು. ಮಾಡಿದ್ದುಣ್ಣೋ ಮಹರಾಯ.

ಇವರು ತಲೆ ಒರೆಸಿಕೊಳ್ಳುತ್ತಾ ಬಂದು "ಯಾರು, ಅಮ್ಮನಾ?" ಎಂದರು. ಹೂಂ ಎಂದೆ. "ಏನಂದಳು?" ಕೆಮ್ಮಂತೆ ಎಂದೆ.

ಏಪ್ರಿಲ್ 8, ಸೋಮವಾರ

ಈರುಳ್ಳಿ ಹೆಚ್ಚಲಿಲ್ಲ. ಆದರೂ ದಿನವಿಡೀ ಕಣ್ಣು ಉರಿ. ರಸ್ತೆ ಅಗೆಯುತ್ತಿದ್ದಾರೆ, ಧೂಳು.

ಏಪ್ರಿಲ್ 10, ಬುಧವಾರ

ಇವತ್ತು ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

ಬುಧವಾರದ ಮನೆಗಳಲ್ಲಿ ಒಬ್ಬ ಹೆಂಗಸು, ಒಬ್ಬಂಟಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳ ತಾಯಿ ಹೋದ ವರ್ಷವೇ ಇಳಿದವರು, ತಿಂಗಳಿಗೊಮ್ಮೆಗೆ ಬಂದಿದ್ದೇನೆ. "ಹೇಗಿದ್ದೀಯ ಕಂದ?" ಎಂದೆ. "ಇದ್ದೀನಮ್ಮ. ಊಟ ಸೇರ್ತಿಲ್ಲ. ಅಂಗಡಿಯಿಂದ ಬಂದು ಒಂದು ಬಿಸ್ಕತ್ತು ತಿಂದು ಮಲಗಿಬಿಡ್ತೀನಿ" ಎಂದಳು, ಪಾಠ ಒಪ್ಪಿಸುವ ಧ್ವನಿಯಲ್ಲಿ. ಇಲ್ಲಿ ನಾನು ಹೇಳಬೇಕಾದ್ದು "ಆರೋಗ್ಯ ನೋಡ್ಕೋ ಕಂದ" ಎಂದು. ಬಾಯಿ ತೆಗೆದೆ. ಹೊರಬಂದದ್ದು ಬೇರೆಯೇ.

"ಬಿಸ್ಕತ್ತಾ? ಬಿಸ್ಕತ್ತು ತಿಂದು ಬದುಕೋಕೆ ನೀನೇನು ಬೀದಿನಾಯೇನೇ? ಒಲೆ ಹಚ್ಚೋಕೆ ಕೈಗೇನಾಗಿದೆ, ಲಕ್ವ ಹೊಡೆದಿದೆಯಾ? ಕನ್ನಡಿ ನೋಡ್ಕೊಂಡಿದ್ದೀಯಾ ಮುಖಾನ? ಎದ್ದೇಳೇ ಮೇಲೆ, ಮೂದೇವಿ!"

ಧ್ವನಿ ಅವಳ ತಾಯಿಯದು, ಮಾತು ನಮ್ಮ ಅತ್ತೆಯದು.

ಆ ಕಡೆಯಿಂದ ಒಂದು ಕೂಗು ಬಂತು, ಅಂಥ ಕೂಗನ್ನು ಈ ಫೋನಿನಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. "ಅಮ್ಮಾ! ಬದುಕಿದ್ದೀಯಾ! ನೀನೇ, ನೀನೇ ಕಣೇ! ಒಂದು ವರ್ಷದಿಂದ ಒಂದು ಸಲವೂ ಬೈದಿರಲಿಲ್ಲ, ನಾನು ನೀನು ಹೋದೆ ಅಂತಲೇ ಅಂದ್ಕೊಂಡುಬಿಟ್ಟಿದ್ದೆ. ಬರ್ತೀನಿ ಇರು, ಈಗಲೇ ಬರ್ತೀನಿ."

ಅಯ್ಯೋ ದೇವರೇ ಎಂದು ಗುಂಡಿ ಒತ್ತಿ ಕತ್ತರಿಸಿದೆ.

ಕಿವಿಯಪ್ಪ ಕಿವಿಯ ಯಂತ್ರ ತೆಗೆದು ಮೆಲ್ಲಗೆ ನಡೆದು ಬಂದರು. "ಅಕ್ಕಾ, ದಣಿದಿದ್ದೀರಿ. ಮನೆಗೆ ಹೋಗಿ ಮಲಗಿ. ಸಂಬಳ ಏನೂ ಹಿಡಿಯಲ್ಲ." ಗದರಿಸಲಿಲ್ಲ, ಹುಬ್ಬೂ ಗಂಟಿಕ್ಕಲಿಲ್ಲ. ಒಂದು ಸಲ ಬೈದಿದ್ದರೆ ಹಗುರಾಗುತ್ತಿತ್ತು. ಈ ಊರಿನಲ್ಲಿ ಯಾರಾದರೂ ಯಾರಿಗಾದರೂ ಬೈದು ಎಷ್ಟು ಕಾಲವಾಯಿತೋ.

ಸಕ್ಕರೆ ಬಸ್ ನಿಲ್ದಾಣದ ತನಕ ಜತೆಗೆ ಬಂದಳು. ನನ್ನ ಚೀಲವನ್ನೂ ಅವಳೇ ಹೊತ್ತಿದ್ದಳು. ನಿಲ್ದಾಣದ ಕಲ್ಲಿನ ಮೇಲೆ ಕೂರಿಸಿ, ಕೈ ಹಿಡಿದುಕೊಂಡು, "ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ ಮಗಳೇ" ಎಂದಳು.

ನಾನು ಅವಳ ಮುಖ ನೋಡಿದೆ. ಮಗಳೇ. ಹನ್ನೊಂದು ವರ್ಷದ ಕಿವಿಯಂತೆ, ಮಣ್ಣಂಗಟ್ಟಿ. "ಭಾನುವಾರದ ಪಾಳಿ ನಿಂದು" ಎಂದೆ.

ಅವಳು ತಲೆ ತಗ್ಗಿಸಿದಳು. "ಟೇಪು ಕೊಡುವಾಗ ಯಾರ ಮನೆ ಅಂತ ಹೇಳಲ್ವಲ್ಲ. ಮೊದಲನೇ ಭಾನುವಾರ ಫೋನು ಮಾಡಿದ್ರೆ ನೀನು ಹಲೋ ಅಂದೆ. ಇಟ್ಟುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ನಿನ್ನ ಯಜಮಾನರು ತಗೊಂಡು ಅಮ್ಮಾ ಅಂದ್ರು. ಹೇಗೆ ಇಡಲಿ ಹೇಳು."

"ಯಾವಾಗ?"

"ಹೊಸ ವರ್ಷ ಆದ ವಾರ. ನಿದ್ದೇಲೇ ಅಂತೆ." ನನ್ನ ಚೀಲದ ಹಿಡಿಯನ್ನು ತಿರುಚುತ್ತಾ, "ನೀನು ಕೆಣಕ್ತಿದ್ದದ್ದು ಯಾಕೆ ಅಂತ ನನಗೆ ಗೊತ್ತಾಗ್ತಿತ್ತು. ಮನೆ ಸುಖವಾಗಿದೆ ಅಂದೆಯಲ್ಲ, ಅವತ್ತು ಬೈಬೇಕು ಅಂತ ಬಾಯಿ ತೆಗೆದೆ. ಬರ್ಲಿಲ್ಲ. ನನಗೆ ಬೈಯೋಕೆ ಬರಲ್ಲ ಮಗಳೇ, ಏನ್ ಮಾಡ್ಲಿ" ಎಂದಳು.

ಬಸ್ಸು ಬಂತು. ನಾನು ಏಳಲಿಲ್ಲ. ಹೋಯಿತು. ಸಕ್ಕರೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಟೇಪಿನ ಕೊನೇಲಿ ಒಂದು ಮಾತು ಅಳಿಸದೆ ಉಳಿದಿತ್ತು. ಫೋನು ಇಟ್ಟಾದ್ಮೇಲೆ ಅಲ್ಲಿನ ದಾದಿಗೆ ಹೇಳಿದ್ದು. 'ನನ್ನ ಸೊಸೆ ಬಂದ್ರೆ ಹೇಳಮ್ಮ, ಅಗುಳಿ ಸರಿಯಾಗಿ ಹಾಕದೆ ಮಲಗ್ತಾಳೆ ಆ ಬೇಜವಾಬ್ದಾರಿ. ಅಲ್ಲಿ ನೋಡೋರು ಯಾರಿದ್ದಾರೆ.'"

ಮನೆಗೆ ಬಂದು ಅಗುಳಿ ಹಾಕಿದೆ. ಎಳೆದು ನೋಡಿದೆ. ಇನ್ನೊಂದು ಸಲ ಎಳೆದು ನೋಡಿದೆ.

ಏಪ್ರಿಲ್ 15, ಸೋಮವಾರ

ಕನ್ನಡಕದವಳು ವಿಶ್ರಾಂತಿ ಮನೆಯ ಗೇಟಿನ ಮುಂದೆ ಕೂತಿದ್ದಾಳೆ. ನಾನು ಕೆಲಸಕ್ಕೆ ಹೋಗುವ ಬಸ್ಸು ಆ ದಾರಿಯಲ್ಲೇ ಹೋಗುವುದು. ಅವಳ ಮುಖ ನಾನು ಕಂಡವಳಲ್ಲ, ಆದರೆ ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ, ತೊಡೆಯ ಮೇಲೆ ಊಟದ ಡಬ್ಬಿ. ಒಳಗೆ ಬಿಡುವ ತನಕ ಏಳುವುದಿಲ್ಲ ಎಂದಿದ್ದಾಳಂತೆ. ಕಿವಿಯಪ್ಪನೇ ಹೇಳಿದರು.

"ಓಡಿಸಲಿಲ್ವಾ?" ಎಂದು ಕೇಳಿದೆ.

"ಛೆ ಛೆ, ಯಾಕೆ ಓಡಿಸೋಣ ಅಕ್ಕ? ಕುರ್ಚಿ ಕೊಟ್ಟಿದ್ದೀವಿ. ಬಿಸಿಲಿಗೆ ಕೊಡೆ ಹಾಕ್ಸಿದ್ದೀವಿ. ಹೊತ್ತು ಹೊತ್ತಿಗೆ ನೀರು ಕೊಡ್ತಾರೆ. ತಾವಾಗೇ ಸಾಕಾಗಿ ಎದ್ದು ಹೋಗ್ತಾರೆ."

ಹೌದು, ಹೋಗುತ್ತಾರೆ. ಕುರ್ಚಿಯ ಮೇಲೆ ಕೂತವರು ಯಾರ ಮೇಲೆ ಎಂದು ಕೂಗಾಡುತ್ತಾರೆ? ನನ್ನನ್ನು ಬಟ್ಟೆ ವಿಭಾಗಕ್ಕೆ ಹಾಕಿದ್ದಾರೆ, ಗಂಟಲಿಗೆ ವಿಶ್ರಾಂತಿಯಂತೆ. ಇಳಿದವರ ಬಟ್ಟೆ ವಿಂಗಡಿಸಿ ಮಡಿಸುವುದು. ಇಷ್ಟು ವರ್ಷ ಇಳಿದವರು ಎಂದರೆ ಬರೀ ಧ್ವನಿ ಎಂದುಕೊಂಡಿದ್ದೆ. ಅವರಿಗೆ ಸ್ವೆಟರುಗಳೂ ಇದ್ದವು, ಮೊಣಕೈಯಲ್ಲಿ ತೇಪೆ ಹಾಕಿದ್ದು.

ಏಪ್ರಿಲ್ 18, ಗುರುವಾರ

ಮೂರು ದಿನ ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಂಡೆ. ಇವತ್ತು ಇಳಿದೆ. ಯಾಕೆ ಇಳಿದೆ ಎಂದರೆ, ಅವಳು ಡಬ್ಬಿ ತೆಗೆದು ಊಟ ಮಾಡುತ್ತಿದ್ದಳು. ಬೈದದ್ದಕ್ಕೆ ಅಡುಗೆ ಮಾಡಿಕೊಂಡು ಬಂದಿದ್ದಾಳೆ. ಇದನ್ನು ನೋಡಿಕೊಂಡು ಬಸ್ಸಿನಲ್ಲಿ ಕೂರುವ ಹೆಂಗಸು ನಾನಲ್ಲ.

ಹತ್ತಿರ ಹೋಗಿ ಹೇಳಿದೆ. "ನೋಡಮ್ಮ, ಅವತ್ತು ನಿನಗೆ ಬೈದವಳು ನಾನು."

ಅವಳು ನಕ್ಕಳು. "ನಮ್ಮಮ್ಮನ ಧ್ವನಿ ನನಗೆ ಗೊತ್ತಿಲ್ವಾ?"

ಬೇರೆ ದಾರಿ ಇರಲಿಲ್ಲ. ಆ ತಾಯಿಯ ಧ್ವನಿಯಲ್ಲಿ ಎರಡು ಮಾತು ಆಡಿದೆ. ತುತ್ತು ಹಿಡಿದ ಕೈ ಹಾಗೇ ನಿಂತಿತು. ಡಬ್ಬಿ ಪಕ್ಕಕ್ಕಿಟ್ಟು ಎದ್ದು ನನ್ನ ಕೆನ್ನೆಗೆ ಬಾರಿಸಿದಳು. ಇಡೀ ಕಿವಿ ಗುಯ್ಯೆಂದಿತು. ಹೊಡೆಯಲಿ, ಅವಳ ಕೈ ನೋಯಲಿಲ್ಲ ತಾನೇ ಎಂದುಕೊಂಡೆ.

"ಹಾಗಾದ್ರೆ ನಮ್ಮಮ್ಮ?"

"ಸತ್ತುಹೋದ್ರು ಕಣಮ್ಮ. ಹೋದ ವರ್ಷವೇ."

ಆ ಪದ ಹೇಳಿ ಎಷ್ಟು ಕಾಲವಾಗಿತ್ತೋ, ನಾಲಿಗೆ ಒಂದು ಸಲ ತಡವರಿಸಿತು. ಅವಳು ನೆಲಕ್ಕೆ ಕುಸಿದು ಕೂತು ಬಾಯಿ ತೆಗೆದಳು. ಮೊದಲು ಸದ್ದೇ ಬರಲಿಲ್ಲ. ಹೇಗೆ ಅಳಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ತೀರಾ ಮುದುಕಿ ನಿಂತು ನೋಡಿದಳು. ಚೀಲ ಇಟ್ಟು ಅವಳ ಪಕ್ಕ ಕೂತು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅಯ್ಯೋ ನನ್ನವ್ವಾ, ನಿನ್ನ ಬಿಟ್ಟು ಹೋದಳಲ್ಲೇ" ಎಂದು ರಾಗವಾಗಿ ಶುರು ಮಾಡಿದಳು. ಆಗ ಬಂತು ಅವಳಿಗೂ. ಗೇಟಿನವನು ನೀರಿನ ಲೋಟ ಹಿಡಿದು ಓಡಿ ಬಂದವನು, ಏನು ಮಾಡುವುದೆಂದು ತೋಚದೆ, ಆ ನೀರನ್ನು ತಾನೇ ಕುಡಿದ.

ಬೀದಿಯ ಎರಡೂ ಕಡೆ ಕಿಟಕಿಗಳು ತೆರೆದುಕೊಂಡವು. ಯಾರೂ ಮುಚ್ಚಲಿಲ್ಲ.

ಹೋಗುವಾಗ ಕನ್ನಡಕದವಳು ನನ್ನನ್ನು ಕರೆದು, "ಇನ್ನೊಂದು ಸಲ ಬೈರಿ" ಎಂದಳು. ಇಲ್ಲ ಎಂದೆ. "ಅದು ನಿಮ್ಮಮ್ಮನ ಬೈಗುಳ ಅಲ್ಲ. ನಮ್ಮ ಅತ್ತೆಯದು."

ಏಪ್ರಿಲ್ 20, ಶನಿವಾರ

ಇವರಿಗೆ ಹೇಳಬೇಕು. ಎರಡು ದಿನದಿಂದ ಬಾಯಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಹೇಳಿದರೆ ಚಿಕ್ಕಮ್ಮನ ಬಾವಿ ನೆನಪಾಗುತ್ತದೆ. ಹೇಳದಿದ್ದರೆ ಇವರು ಜೀವನವಿಡೀ ಸಕ್ಕರೆಗೆ ಅಮ್ಮಾ ಅನ್ನುತ್ತಿರುತ್ತಾರೆ, ಮೊದಲು ವಾರ ಬಿಟ್ಟು ವಾರ, ಆಮೇಲೆ ತಿಂಗಳಿಗೊಮ್ಮೆ, ಒಂದು ದಿನ ಮರೆತೇಬಿಡುತ್ತಾರೆ. ಅತ್ತೆಯನ್ನು ಮರೆಯುವುದೇ? ಅವರೇನು ಮರೆಯುವಂಥ ಹೆಂಗಸೇ?

ಸಂಜೆ ಡಿಪೋದಿಂದ ಬಂದರು. ನಾನು ಒಲೆಯ ಮುಂದೆ ಇದ್ದೆ, ಬೆನ್ನು ಇವರ ಕಡೆಗೆ. ಚಹಾ ಕುಡಿದು ಲೋಟವನ್ನು ಟಕ್ಕೆಂದು ಇಟ್ಟ ಸದ್ದು ಕೇಳಿಸಿತು, ಬಾಯಿ ಮೇಲಾಗಿ.

"ಬೋರಲು ಹಾಕೋ ಲೋಟಾನ! ಎಷ್ಟು ಸಲ ಬಡ್ಕೋಬೇಕು ನಿನಗೆ, ಕೋಣನ ಹಾಗೆ ಬೆಳೆದಿದ್ದೀಯ!"

ನಾನು ಬೇಕೆಂದು ಮಾಡಲಿಲ್ಲ. ಬಂದುಬಿಟ್ಟಿತು. ಇವರು ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು, ಮುಖ ಬಿಳಿಚಿಕೊಂಡಿತ್ತು. ನಾನೂ ತಿರುಗಿದೆ. ನಿಲ್ಲಿಸಲು ಆಗಲಿಲ್ಲ, ನಿಲ್ಲಿಸುವ ಮನಸ್ಸೂ ಬರಲಿಲ್ಲ.

"ಏನೋ ಹಾಗೆ ನೋಡ್ತೀಯ? ನಾನು ಸತ್ತು ಮೂರು ತಿಂಗಳು ಕಳೀತು. ಹೆತ್ತ ತಾಯಿ ಬೈಯೋದು ಬಿಟ್ಟಳಲ್ಲ, ಯಾಕೆ ಅಂತ ಒಂದು ದಿನವಾದ್ರೂ ಯೋಚನೆ ಮಾಡಿದ್ಯಾ? ಬಸ್ಸಿನ ಸದ್ದು ಗೊತ್ತಾಗುತ್ತೆ, ಅಮ್ಮನದು ಗೊತ್ತಾಗಲ್ವಾ? ನಿನ್ನ ಹೆಂಡ್ತಿಗೆ ಹೇಳೋಕೆ ಬಾಯಿಲ್ಲ, ಮೂದೇವಿ, ಅದಕ್ಕೆ ನಾನೇ ಹೇಳ್ತಿದ್ದೀನಿ. ನಾನು ಹೋದೆ ಕಣೋ. ಅಳು."

ಇವರು ಗೋಡೆ ಹಿಡಿದುಕೊಂಡು ಹೋಗಿ ಅತ್ತೆಯ ಮಂಚದ ಮೇಲೆ ಕೂತರು. ಕಂಬಳಿಯನ್ನು ಮುಖಕ್ಕೆ ಒತ್ತಿಕೊಂಡರು. ಐವತ್ತು ದಾಟಿದ ಗಂಡಸು, ಅಮ್ಮಾ ಅಮ್ಮಾ ಎಂದು ಮಗುವಿನ ಹಾಗೆ. ನಾನು ಪಕ್ಕದಲ್ಲಿ ಕೂತೆ. ನನಗೂ ಅಳು ಬಂತು, ಧೂಳಿನದಲ್ಲ. ಒಲೆಯ ಮೇಲಿನ ಬಾಣಲೆ ಸೀದು ಹೊಗೆ ಬಂದ ಮೇಲೆಯೇ ಎದ್ದದ್ದು.

ಏಪ್ರಿಲ್ 21, ಭಾನುವಾರ

ಇವರು ಬೆಳಗ್ಗೆಯಿಂದ ಹಲ್ಲೂ ಉಜ್ಜದೆ ಕೂತಿದ್ದರು. ನಾನೂ ಒಲೆ ಹಚ್ಚಲಿಲ್ಲ. ಕೊನೆಗೆ ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರು ಎಂದುಕೊಂಡು ಎದ್ದು ಇಬ್ಬರಿಗೂ ಹಾಲು ಕಾಯಿಸಿದೆ. ಇವರು ಕುಡಿದು ಲೋಟ ತೊಳೆದು ಬೋರಲು ಹಾಕಿದರು.

ಫೋನು ಬಂತು. ಇಬ್ಬರೂ ಅದನ್ನು ನೋಡಿದೆವು. ತೆಗೆಯಬೇಡಿ ಎನ್ನಲು ಹೊರಟೆ, ಅಷ್ಟರಲ್ಲಿ ಇವರು ಎದ್ದು ತೆಗೆದರು. ನಾನು ಹತ್ತಿರ ಹೋಗಿ ನಿಂತೆ, ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

"ಊಟ ಆಯ್ತೇನಪ್ಪಾ?" ಎಂದಿತು ಅತ್ತೆಯ ಧ್ವನಿ.

"ಇಲ್ಲಮ್ಮ" ಎಂದರು ಇವರು. "ನಮ್ಮಮ್ಮ ತೀರ್ಕೊಂಡಳು."

ಕಿವಿಯಪ್ಪ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಈಗ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಅತ್ತೆಯ ಧ್ವನಿಯನ್ನು ಬಿಟ್ಟು, ತನ್ನದೇ ಒಡೆದ ಧ್ವನಿಯಲ್ಲಿ ಸಕ್ಕರೆ ಕೇಳಿದಳು:

"ಅಯ್ಯೋ. ಯಾವಾಗಪ್ಪಾ?"

ಇವರು ಬೋರಲು ಹಾಕಿದ ಲೋಟವನ್ನು ನೋಡಿದರು.

"ನಿನ್ನೆ" ಎಂದರು.